ಒಂದೇ ಈರುಳ್ಳಿಯ ಗಿರಾಕಿ

ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅಂದಾಜು ಹಾಕಿಬಿಡುವುದು ನನ್ನ ಕಸುಬು. ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದವರು ಐದು ಕಿಲೋದವರು. ಬರಿಗೈಯಲ್ಲಿ ಬಂದು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುವವರು ಎರಡು ಕಿಲೋ ಕೊಂಡು ಇಪ್ಪತ್ತು ಕಿಲೋದಷ್ಟು ಮಾತಾಡುವವರು. ಹೊರಗೆ ಲಾರಿಯ ಬಾಗಿಲು ದಡಾರನೆ ಹಾಕಿ ಬಂದವರಿಗೆ ಕುರ್ಚಿ, ಚಹಾ. ಈರುಳ್ಳಿ ಆಲೂಗಡ್ಡೆಯ ಸಗಟು ವ್ಯಾಪಾರದಲ್ಲಿ ಕೂದಲು ಹಣ್ಣಾದರೂ ಈ ಅಂದಾಜು ತಪ್ಪಿದ್ದು ಒಬ್ಬರ ವಿಷಯದಲ್ಲಿ ಮಾತ್ರ.

ಆಕೆ ಮೊದಲ ಸಲ ಬಂದಾಗ ಹೀಗೆ ಅಳೆದೆ: ವಯಸ್ಸು ಐವತ್ತರ ಆಸುಪಾಸು, ಎತ್ತರ ನನ್ನ ತಕ್ಕಡಿ ಕಂಬಕ್ಕಿಂತ ಒಂದು ಗೇಣು ಕಡಿಮೆ, ದನಿ ಮಾತ್ರ ಕಂಬಕ್ಕಿಂತ ಎರಡು ಗೇಣು ಹೆಚ್ಚು. ಮೈಮೇಲೆ ಬಿಳಿ ಕೋಟು. ಜೇಬಿನ ಸುತ್ತ ನೀಲಿಗಪ್ಪು ಕಲೆ, ಬೆರಳ ತುದಿಗೆಲ್ಲ ಕೆಂಪು ಬಣ್ಣ. ಡಾಕ್ಟರಾದರೆ ಚೌಕಾಸಿ ಮಾಡುವುದಿಲ್ಲ, ಬಣ್ಣದ ಕಾರ್ಖಾನೆಯವರಾದರೆ ಕೆಲಸಗಾರರ ಊಟಕ್ಕೆ ಚೀಲಗಟ್ಟಲೆ ಒಯ್ಯುತ್ತಾರೆ. ಎರಡರಲ್ಲಿ ಯಾವುದಾದರೂ ನನಗೆ ಅಡ್ಡಿಯಿಲ್ಲ ಎಂದುಕೊಂಡು ಎದ್ದು ನಿಂತೆ. ಎದ್ದು ನಿಲ್ಲುವುದು ನನ್ನ ಅಂಗಡಿಯಲ್ಲಿ ಸಣ್ಣ ಮರ್ಯಾದೆಯಲ್ಲ, ನನಗೆ ಮೊಣಕಾಲು ನೋವಿದೆ.

ಆಕೆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಇಪ್ಪತ್ತು ನಿಮಿಷ ಹುಡುಕಿದರು. ತಿರುಗಿಸಿದರು, ಮೂಸಿದರು, ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಕೆರೆದರು. ಆಮೇಲೆ ಒಂದು ಈರುಳ್ಳಿ ತಂದು ತಕ್ಕಡಿಯ ಮೇಲಿಟ್ಟರು.

"ಇನ್ನೂ?" ಎಂದೆ.

"ಇಷ್ಟೇ."

"ಒಂದೇ?"

"ಒಂದರಲ್ಲಿ ನಲವತ್ತು ಮಕ್ಕಳಿಗೆ ಆಗಿ ಮಿಕ್ಕುತ್ತೆ."

ನಲವತ್ತು ಮಕ್ಕಳಿಗೆ ಒಂದು ಈರುಳ್ಳಿ! ನಾನೂ ಜಿಪುಣನೇ, ಆದರೆ ನನಗೂ ಒಂದು ಮಿತಿಯಿದೆ. ಪಾಪ ಅನ್ನಿಸಿ ಇನ್ನೆರಡು ಎತ್ತಿಕೊಟ್ಟೆ. ಆಕೆ ನನ್ನ ಕೈ ತಡೆದರು.

"ತಿನ್ನೋಕಲ್ಲ ಸಾಹುಕಾರ್ರೇ, ನೋಡೋಕೆ."

ಹೀಗೆ ಗೊತ್ತಾಯಿತು. ಎರಡು ಬೀದಿ ಆಚೆಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಆಕೆ ಪ್ರಯೋಗಶಾಲೆಯ ಸಹಾಯಕಿ. ಗಾಜು ತೊಳೆಯುವುದು, ಸೂಕ್ಷ್ಮದರ್ಶಕ ಒರೆಸುವುದು, ಟೀಚರು ಪಾಠಕ್ಕೆ ಬರುವ ಮುಂಚೆ ಎಲ್ಲ ಜೋಡಿಸಿಡುವುದು, ಟೀಚರು ಹೋದ ಮೇಲೆ ಒಡೆದದ್ದನ್ನು ಗುಡಿಸುವುದು. ಈರುಳ್ಳಿಯ ಪ್ರತಿ ಪದರದ ಒಳಮೈಗೂ ಹಾಲಿನ ಕೆನೆಗಿಂತ ತೆಳುವಾದ ಒಂದು ಪೊರೆ ಇರುತ್ತದಂತೆ. ಅದನ್ನು ಚಿಮಟಿಯಲ್ಲಿ ಎಳೆದು, ಗಾಜಿನ ಮೇಲೆ ಹರಡಿ, ಒಂದು ಹನಿ ಕೆಂಪು ಬಣ್ಣ ಬಿಟ್ಟು ನೋಡಿದರೆ ಇಟ್ಟಿಗೆ ಗೋಡೆಯ ಹಾಗೆ ಸಾಲು ಸಾಲು ಕೋಣೆ. ಪ್ರತಿ ಕೋಣೆಯಲ್ಲೂ ಯಜಮಾನನ ಹಾಗೆ ಒಂದು ಚುಕ್ಕೆ. ಕೋಣೆಗೆ ಜೀವಕೋಶ ಎಂದೂ ಚುಕ್ಕೆಗೆ ಕೋಶಕೇಂದ್ರ ಎಂದೂ ಹೆಸರು.

"ಎಲ್ಲಾ ಜೀವಾನೂ ಇಂಥ ಕೋಣೆಗಳೇ. ನೀವೂ ಅಷ್ಟೇ," ಎಂದರು.

"ನನ್ನೊಳಗೆ ಎಷ್ಟು ಕೋಣೆ?"

"ಕೋಟಿಗಟ್ಟಲೆ. ಯಾವುದೂ ಬಾಡಿಗೆಗೆ ಕೊಡೋ ಹಾಗಿಲ್ಲ, ಆಸೆ ಬಿಡಿ."

ಅಂದಿನಿಂದ ನಮ್ಮಲ್ಲಿ ಅವರು ಈರುಳ್ಳಿ ಅಕ್ಕ. ಪೊರೆ ತೆಗೆದು ಉಳಿದ ಮುಕ್ಕಾಲು ಈರುಳ್ಳಿ ಟೀಚರುಗಳ ಊಟದ ಡಬ್ಬಿ ಸೇರುತ್ತಿತ್ತು ಎಂದು ಅವರೇ ಹೇಳಿದರು, ಒಂದಿಷ್ಟೂ ನಾಚಿಕೆಯಿಲ್ಲದೆ.

ಅಕ್ಕ ಓದಿದ್ದು ಎಂಟನೇ ಕ್ಲಾಸು. ಇಪ್ಪತ್ತಾರನೇ ವಯಸ್ಸಿಗೆ ಅದೇ ಶಾಲೆಗೆ ಕಸ ಗುಡಿಸಲು ಸೇರಿದರು. ಆಗ ಪ್ರಯೋಗಶಾಲೆ ನೋಡಿಕೊಳ್ಳುತ್ತಿದ್ದ ಗಂಡಸು, ಮೂಲೆಯಲ್ಲಿ ನೇತುಹಾಕಿದ್ದ ಅಸ್ಥಿಪಂಜರದ ದವಡೆ ಕಳಚಿ ತನ್ನ ಹೆಗಲ ಮೇಲೆ ಬಿದ್ದ ದಿನವೇ ಓಡಿಹೋದ. ಹೊಸಬರು ಬರುವವರೆಗೆ ನೀನೇ ನೋಡ್ಕೋ ಎಂದು ಅಕ್ಕನಿಗೆ ಹೇಳಿದರು. ಹೊಸಬರು ಮೂವತ್ತೊಂದು ವರ್ಷ ಬರಲಿಲ್ಲ. ಅಕ್ಕ ಆ ದವಡೆಗೆ ತಂತಿ ಕಟ್ಟಿ ಕೂರಿಸಿ ಕೆಲಸ ಶುರುಮಾಡಿದರು.

ಕಲಿತದ್ದು ಬೆನ್ನಿನಿಂದ. ಅಂದರೆ ಕ್ಲಾಸಿಗೆ ಬೆನ್ನು ಹಾಕಿ ತೊಟ್ಟಿಯ ಹತ್ತಿರ ಗಾಜು ತೊಳೆಯುತ್ತ, ಅದೇ ಪಾಠವನ್ನು ವರ್ಷಕ್ಕೆ ನಾಲ್ಕು ಸಲ ಕೇಳಿಸಿಕೊಂಡು. ಏಳು ಟೀಚರುಗಳು ಬಂದುಹೋದರು. ಪ್ರತಿಯೊಬ್ಬರೂ ಮೊದಲ ವಾರ ಅಕ್ಕನಿಗೆ ಹೇಳಿಕೊಟ್ಟರು, ಎರಡನೇ ವಾರ ಅಕ್ಕನನ್ನು ಕೇಳಿದರು. ಟೀಚರು ತಪ್ಪು ಹೇಳಿದರೆ ಎಲ್ಲರೆದುರು ತಿದ್ದುವುದು ಸರಿಯಲ್ಲ. ಅದಕ್ಕೆ ಅಕ್ಕ ತೊಟ್ಟಿಯಲ್ಲಿ ಚಿಮಟಿಯನ್ನು ಟಣ್ಣೆಂದು ಬೀಳಿಸುತ್ತಿದ್ದರು. ಟಣ್ ಎಂದ ಕೂಡಲೇ ಟೀಚರು ಗಂಟಲು ಸರಿಮಾಡಿಕೊಂಡು, "ಕ್ಷಮಿಸಿ ಮಕ್ಕಳೇ," ಎಂದು ಹಿಂದಕ್ಕೆ ಹೋಗುತ್ತಿದ್ದರಂತೆ. ಒಬ್ಬ ಟೀಚರ ಕಾಲದಲ್ಲಿ ಪಾಠಕ್ಕಿಂತ ಟಣ್ ಹೆಚ್ಚಾಗಿ, ಅವರು ಬೇರೆ ಶಾಲೆಗೆ ಹೋದರು.

ಅಕ್ಕನ ಇನ್ನೊಂದು ಗುಟ್ಟು ನನ್ನಂಥವನಿಗೆ ಮಾತ್ರ ರುಚಿಸುವಂಥದು. ಹುಡುಗಿಯರು ಬರುವ ಮುಂಚೆ ಅವರು ಇಡೀ ಪೊರೆಯನ್ನು ಜಾಲಾಡಿ, ಅದರಲ್ಲಿ ಬಲು ಚೆಂದದ ನಾಲ್ಕು ಕೋಶಗಳನ್ನು ಹುಡುಕಿ ಸೂಕ್ಷ್ಮದರ್ಶಕವನ್ನು ಅಲ್ಲಿಗೇ ನಿಲ್ಲಿಸಿಡುತ್ತಿದ್ದರು. ಬಂದವರೆಲ್ಲ ನೋಡುವುದು ಅದೇ ನಾಲ್ಕು.

"ಅಲ್ಲಕ್ಕಾ, ನಾನೂ ಚೀಲದ ಬಾಯಿಗೆ ಒಳ್ಳೇದಿಟ್ಟು ಹೊಟ್ಟೆಗೆ ಉಳಿದಿದ್ದು ತುಂಬ್ತೀನಿ. ನಮ್ಮಿಬ್ಬರದೂ ಒಂದೇ ಕಸುಬು ನೋಡಿ," ಎಂದೆ.

"ನಾನು ತೋರಿಸಿದ್ದನ್ನ ಯಾರೂ ತಿನ್ನಲ್ಲ ಸಾಹುಕಾರ್ರೇ," ಎಂದು ಎದ್ದು ಹೋದರು.

ನನಗೂ ಅವರು ಒಂದು ಹೆಸರಿಟ್ಟಿದ್ದರು. ಒಂದು ದಿನ ನಮ್ಮ ಗೋದಾಮಿನ ಬೆಕ್ಕು ಚೀಲದ ಮೇಲೆ ಕಾಲು ಚಾಚಿ ಮಲಗಿತ್ತು. ಅಕ್ಕ ಅದನ್ನು ನೋಡಿ, ಆಹಾರ ಸರಪಳಿ ಅಂದರೆ ಏನು ಎಂದು ನನ್ನ ಹೆಂಡತಿಗೆ ಹೇಳಲು ಕೂತರು.

"ನೋಡಮ್ಮಾ, ಇಡೀ ಪ್ರಪಂಚದಲ್ಲಿ ದುಡಿಯೋದು ಎಲೆ. ಅದರೊಳಗಿನ ಹಸಿರು, ಪತ್ರಹರಿತ್ತು, ಅದೇ ಅನ್ನದಾತ. ಬಿಸಿಲು ಹಿಡ್ಕೊಂಡು, ಬೇರಿಂದ ನೀರು ಎಳ್ಕೊಂಡು, ಗಾಳಿಲಿರೋ ಇಂಗಾಲದ ಡೈಆಕ್ಸೈಡ್ ಕುಡ್ಕೊಂಡು ಸಕ್ಕರೆ ಮಾಡುತ್ತೆ. ನಾವು ಉಸಿರಾಡೋ ಆಮ್ಲಜನಕ ಅದು ಹೊರಗೆ ಬಿಸಾಕಿದ್ದು. ಮಿಕ್ಕಿದ ಸಕ್ಕರೆನ ಪಿಷ್ಟ ಮಾಡಿ ಕೆಳಗೆ ಆಲೂಗಡ್ಡೆಲಿ ಕೂಡಿಡುತ್ತೆ. ಅದನ್ನ ಇಲಿ ತಿನ್ನುತ್ತೆ. ಇಲಿ ಮೊದಲನೇ ಭಕ್ಷಕ. ಇಲಿನ ಬೆಕ್ಕು ತಿನ್ನುತ್ತೆ, ಬೆಕ್ಕು ಎರಡನೇದು."

"ನಮ್ಮನೆಯವ್ರು?" ಎಂದಳು ಹೆಂಡತಿ, ಕಣ್ಣು ಮಿಟುಕಿಸದೆ.

"ಅವರೇನು ಮಾಡ್ತಾರೆ?"

"ವ್ಯಾಪಾರ," ಎಂದೆ ನಾನೇ.

"ಅಂದ್ರೆ ಏನೂ ಮಾಡಲ್ಲ. ಬೆಕ್ಕಿನ ಮೇಲೆ ಬರ್ಕೊಳ್ಳಿ. ಮೂರನೇ ಭಕ್ಷಕ."

"ನಾನೇನು ಬೆಕ್ಕು ತಿಂತೀನಾ ಅಕ್ಕಾ?"

"ಇಲಿ ತಿಂದು ಹಾಕಿದ್ದು ಅಂತ ಹೇಳಿ ರೈತನ ಹತ್ರ ಎರಡು ಕಿಲೋ ಮುರೀತೀರಲ್ಲ, ಆ ಇಲಿನ ಹಿಡಿಯೋದು ಯಾರು? ಬೆಕ್ಕು. ದುಡಿಮೆ ಅದರದು, ಊಟ ನಿಮ್ದು."

ಹೆಂಡತಿ ನಕ್ಕ ನಗುವಿಗೆ ಬೆಕ್ಕು ಎದ್ದು ಹೊರಗೆ ಹೋಯಿತು. ಆಮೇಲೆ ಮನೆಯಲ್ಲಿ ನನ್ನನ್ನು ಊಟಕ್ಕೆ ಕರೆಯುವುದೂ ಅದೇ ಹೆಸರಿನಿಂದ.

ಇನ್ನು ಆಲೂಗಡ್ಡೆಯ ವಿಷಯ.

ನಮ್ಮ ಗೋದಾಮು ಮೊದಲಿನಿಂದ ಕತ್ತಲು. ಗಿರಾಕಿಗಳು, "ಬಾವಿಗಿಳಿದ ಹಾಗಿದೆ," ಎಂದು ಗೊಣಗುತ್ತಿದ್ದರು. ನಾನು ಬುದ್ಧಿವಂತನಲ್ಲವೇ, ಸೂರಿನ ಹಳೆ ತಗಡು ಕೀಳಿಸಿ ಬೆಳಕು ಹಾಯುವ ಪ್ಲಾಸ್ಟಿಕ್ ಹಾಳೆ ಹಾಕಿಸಿದೆ. ಒಳಗೆ ಹಾಡುಹಗಲಾಯಿತು. ಬಂದವರೆಲ್ಲ ಹೊಗಳಿದರು. ಮೂರು ವಾರವಾದ ಮೇಲೆ ನಮ್ಮ ಹಮಾಲ ಬಂದು, "ರಾಶಿಗೆ ಬಣ್ಣ ಬಂದಿದೆ ಸಾಹುಕಾರ್ರೇ, ಮೇಲಿನ ಗಡ್ಡೆಯೆಲ್ಲ ಹಸಿರು," ಎಂದ. ಹಸಿರು ಅಂದರೆ ಎಳಸು, ಎಳಸು ಅಂದರೆ ತಾಜಾ ಎಂದು ನಾನು ಅವನಿಗೇ ಪಾಠ ಹೇಳಿದೆ. ಆದರೂ ಗಿರಾಕಿಗಳ ಕಣ್ಣು ಸರಿಯಿಲ್ಲ ನೋಡಿ. ಆದ್ದರಿಂದ ಹಸಿರಾದದ್ದನ್ನು ಚೀಲದ ಹೊಟ್ಟೆಗೆ ತುಂಬಿಸಿ, ಬಾಯಿಗೆ ಬೆಳ್ಳಗಿರುವುದನ್ನು ಜೋಡಿಸಿದೆವು. ಹೀಗೆ ಎಂಟು ಚೀಲ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅವು ಹೋಗಬೇಕಾಗಿದ್ದದ್ದು ಅಕ್ಕನ ಶಾಲೆಯ ಹಾಸ್ಟೆಲಿಗೆ. ಅಲ್ಲಿ ಮುನ್ನೂರು ಹುಡುಗಿಯರು ಉಣ್ಣುತ್ತಾರೆ.

ಅವತ್ತು ಒಂಬತ್ತಕ್ಕೇ ಅಕ್ಕ ಬಂದರು. ಪಿಷ್ಟದ ಪರೀಕ್ಷೆಗೆ ಎರಡು ಆಲೂಗಡ್ಡೆ ಬೇಕಿತ್ತು. ಅಂಗಡಿಯ ಮುಂದೆ ಜೋಡಿಸಿಟ್ಟದ್ದರಿಂದ ಅವರು ಯಾವತ್ತೂ ತೆಗೆದವರಲ್ಲ, ಸೀದಾ ಗೋದಾಮಿಗೆ ನುಗ್ಗುವವರು. ಒಳಗಿನಿಂದ ಐದು ನಿಮಿಷ ಚೀಲ ತಡಕುವ ಸದ್ದು. ಆಮೇಲೆ ಕೈಯಲ್ಲಿ ಎರಡು ಹಸಿರು ಗಡ್ಡೆ ಹಿಡಿದು ಬಂದರು.

"ಇವು ಎಲ್ಲಿಗೆ ಹೋಗ್ತವೆ?"

"ನಿಮ್ಮ ಹಾಸ್ಟೆಲಿಗೇ. ಅಲ್ಲಿಗೆ ಅಂತ ತಾಜಾ ಇರೋದನ್ನೇ ಆರಿಸಿದೀನಿ."

"ಹಸಿರಾದ ಆಲೂಗಡ್ಡೆ ಮಕ್ಕಳಿಗೆ ಹಾಕ್ತೀರಾ? ವಾಂತಿ, ಭೇದಿ, ಹೊಟ್ಟೆ ಹಿಂಡೋದು, ಎಲ್ಲಾ ಆಗುತ್ತೆ ಇದರಿಂದ."

"ನೀವೇ ಹೇಳಿದ್ರಲ್ಲಕ್ಕಾ, ಹಸಿರು ಅಂದ್ರೆ ಪತ್ರಹರಿತ್ತು, ಅದೇ ಅನ್ನದಾತ ಅಂತ. ಎಲೆಲಿದ್ರೆ ಅನ್ನದಾತ, ಗಡ್ಡೆಲಿದ್ರೆ ಕಳ್ಳನಾ?"

"ಹಸಿರು ತಪ್ಪು ಮಾಡಿಲ್ಲ, ಅದು ಚಾಡಿ ಹೇಳ್ತಿದೆ ಅಷ್ಟೇ. ಎಲ್ಲಿ ಬೆಳಕು ಬಿತ್ತೋ ಅಲ್ಲಿ ಹಸಿರು ಬಂತು. ಅದೇ ಬೆಳಕಿಗೆ ಅದರ ಜೊತೆಲೇ ಕಹಿ ವಿಷಾನೂ ಬಂತು."

"ಬೇಯಿಸಿದ್ರೆ ಹೋಗುತ್ತೆ ಬಿಡಿ."

"ಬೇಯಿಸಿದ್ರೆ ಹೋಗಲ್ಲ."

"ಅಕ್ಕಾ, ನೀವು ಬಂದಿದ್ದು ಎರಡು ಗಡ್ಡೆಗೆ. ಎಂಟು ಚೀಲದ ಯೋಚನೆ ನನಗಿರ್ಲಿ," ಎಂದೆ. ಆ ಮಾತು ಆಡುವಾಗ ನನಗೆ ಬಲು ಚೆನ್ನಾಗಿ ಆಡಿದೆ ಅನ್ನಿಸಿತ್ತು.

ಅವರು ಗಡ್ಡೆಗಳನ್ನು ಅಲ್ಲೇ ಇಟ್ಟು ಹೊರಟುಹೋದರು. ವಾರ್ಡನ್‌ಗೆ ಚಾಡಿ ಹೇಳಲು ಹೋದರು ಎಂದುಕೊಂಡೆ. ಅದಕ್ಕೂ ಉತ್ತರ ಸಿದ್ಧಮಾಡಿಕೊಂಡೆ. ಆದರೆ ಹತ್ತು ಗಂಟೆಗೆ ಅಕ್ಕನೇ ವಾಪಸು ಬಂದರು, ಬಿಳಿ ಕೋಟು ಬಿಚ್ಚಿ ಅದರಲ್ಲಿ ಏನನ್ನೋ ಸುತ್ತಿ, ಹಸುಗೂಸಿನ ಹಾಗೆ ಎದೆಗವಚಿಕೊಂಡು. ತಕ್ಕಡಿಯ ಪಕ್ಕದ ಮೇಜಿನ ಮೇಲೆ ಬಿಚ್ಚಿದರೆ, ಸೂಕ್ಷ್ಮದರ್ಶಕ. ಬುಡದಲ್ಲಿ ಬಿಳಿ ಬಣ್ಣದಲ್ಲಿ ಶಾಲೆಯ ಹೆಸರು.

"ಇದನ್ನ ಹೊರಗೆ ತರೋಕೆ ಬಿಡ್ತಾರಾ?" ಎಂದೆ.

"ಹೆಡ್‌ಮಿಸ್ ಸಹಿ ಮಾಡಿದ ಚೀಟಿ ಇದ್ರೆ ಬಿಡ್ತಾರೆ."

"ಚೀಟಿ ಎಲ್ಲಿ?"

"ಹೆಡ್‌ಮಿಸ್ ಮೀಟಿಂಗಲ್ಲಿದಾರೆ. ನಿಮ್ಮ ಗಾಡಿ ಹನ್ನೊಂದಕ್ಕೆ. ಸುಮ್ನೆ ಕೂತ್ಕೊಳ್ಳಿ."

ರಾಶಿಯ ತಳದಿಂದ ಒಂದು ಬಿಳಿ ಗಡ್ಡೆ ತಂದು, ಬ್ಲೇಡಿನಿಂದ ಗಾಳಿಗೆ ಹಾರುವಷ್ಟು ತೆಳ್ಳಗೆ ಕೊಯ್ದು ಗಾಜಿಗೆ ಹಚ್ಚಿದರು. ಕೆಳಗಿನ ಕನ್ನಡಿಯನ್ನು ಬಾಗಿಲ ಬಿಸಿಲಿಗೆ ತಿರುಗಿಸಿ, ನೋಡಿ ಎಂದರು. ನೋಡಿದೆ.

"ಏನೋ ಕಪ್ಪು ಕಡ್ಡಿಗಳು ಓಡಾಡ್ತಿವೆ."

"ಅದು ನಿಮ್ಮ ರೆಪ್ಪೆ. ಕಣ್ಣು ಸ್ವಲ್ಪ ಹಿಂದೆ ತಗೊಳ್ಳಿ."

ಕಂಡಿತು. ಸುಳ್ಳು ಯಾಕೆ ಹೇಳಲಿ, ಮೈ ಜುಮ್ಮೆಂದಿತು. ಕೋಣೆಗಳು, ಕೋಣೆಯೊಳಗೆ ನುಣ್ಣಗೆ ಮೊಟ್ಟೆಯಾಕಾರದ ಚೀಲಗಳನ್ನು ಪೇರಿಸಿಟ್ಟ ಹಾಗೆ ಪಿಷ್ಟದ ಕಾಳುಗಳು. ಒಂದು ಹನಿ ಅಯೋಡಿನ್ ಬಿಟ್ಟರು. ನೋಡುನೋಡುತ್ತಲೇ ಕಾಳುಗಳೆಲ್ಲ ನೀಲಿಗಪ್ಪಾದವು. ನಾನು ಇಷ್ಟು ವರ್ಷ ಗೋದಾಮಿನಲ್ಲಿ ಇಟ್ಟದ್ದು ಆಲೂಗಡ್ಡೆಯಲ್ಲ, ಗೋದಾಮುಗಳನ್ನೇ. ಒಂದೊಂದು ಗಡ್ಡೆಯಲ್ಲೂ ಲಕ್ಷಗಟ್ಟಲೆ, ಎಲ್ಲವೂ ಭರ್ತಿ, ಒಂದರಲ್ಲೂ ಇಲಿಯಿಲ್ಲ.

ಆಮೇಲೆ ಹಸಿರು ಗಡ್ಡೆಯ ಸಿಪ್ಪೆಯಡಿಯಿಂದ ಕೊಯ್ದದ್ದನ್ನು ಇಟ್ಟರು. ಕಾಳುಗಳ ನಡುವೆ ಹಸಿರು ಚುಕ್ಕೆಗಳು ಎದ್ದಿದ್ದವು.

"ಆಲೂಗಡ್ಡೆ ಬೇರಲ್ಲ ಸಾಹುಕಾರ್ರೇ, ಕಾಂಡ. ಮಣ್ಣಿನಡಿ ಮಲಗಿರೋ ಕಾಂಡ. ನೀವು ಸೂರು ಕಿತ್ತು ಬೆಳಕು ಬಿಟ್ರಿ. ಅದಕ್ಕೆ ಬೆಳಗಾಯ್ತು ಅಂತ ಎದ್ದು ಗಿಡ ಆಗೋಕೆ ಹೊರಟಿದೆ. ಗಿಡ ಆಗೋ ಮೈನ ಯಾರೂ ತಿನ್ನಬಾರ್ದು ಅಂತ ವಿಷ ಕಟ್ಕೊಂಡಿದೆ. ನೀವಾದ್ರೂ ಅದನ್ನೇ ಮಾಡ್ತಿದ್ರಿ."

"ಎಲ್ಲಿ ವಿಷ? ತೋರ್ಸಿ."

"ಅದು ಇದರಲ್ಲಿ ಕಾಣಲ್ಲ."

"ಕಾಣದೇ ಇದ್ದಿದ್ದು ಇಲ್ಲ!" ಎಂದು ಮೇಜು ಗುದ್ದಿದೆ. ವ್ಯಾಪಾರಿಗೆ ಎದುರಾಳಿಯ ಕೈಯಲ್ಲಿ ಸರಕಿಲ್ಲ ಎಂದು ಗೊತ್ತಾಗುವ ಗಳಿಗೆಯಷ್ಟು ಸುಖ ಬೇರೊಂದಿಲ್ಲ. ಗಡಿಯಾರದಲ್ಲಿ ಹತ್ತೂಕಾಲು.

ಅಕ್ಕ ನನ್ನನ್ನು ಬಿಟ್ಟು ಅಂಗಡಿಯ ಹಿಂದಿನ ನಮ್ಮ ಅಡುಗೆಮನೆಯ ಕಡೆಗೆ ತಿರುಗಿದರು. "ಅಮ್ಮಾ, ಒಲೆ ಹತ್ತಿಸಿದೀಯಾ? ಇದೊಂದು ಗಡ್ಡೆ ಸಿಪ್ಪೆ ಸಮೇತ ಬೇಯಿಸ್ಕೊಡು. ಚೂರು ಉಪ್ಪು ಹಾಕು. ಸಾಹುಕಾರ್ರು ತಿಂಡಿ ತಿಂತಾರೆ."

ಹೆಂಡತಿ ಇಪ್ಪತ್ತೆಂಟು ವರ್ಷದಲ್ಲಿ ನನಗಾಗಿ ಯಾವ ಅಡುಗೆಯನ್ನೂ ಅಷ್ಟು ಉತ್ಸಾಹದಿಂದ ಮಾಡಿಲ್ಲ. ತಟ್ಟೆ ತಂದು ಮುಂದಿಟ್ಟು, ಹಮಾಲನನ್ನೂ ಕರೆದು ನಿಲ್ಲಿಸಿದಳು.

"ತಿನ್ರೀ ಮೂರನೇ ಭಕ್ಷಕರೇ. ತಾಜಾ."

ಹಿಂದೆ ಸರಿದರೆ ಸರಕು ಕೆಟ್ಟದ್ದೆಂದು ನಾನೇ ಒಪ್ಪಿದ ಹಾಗೆ. ದೊಡ್ಡದೊಂದು ತುಂಡು ಬಾಯಿಗೆ ಹಾಕಿಕೊಂಡೆ. ಮೊದಲು ಉಪ್ಪು. ಆಮೇಲೆ ಹಿಂಬದಿಯಿಂದ ಒಂದು ಕಹಿ ಎದ್ದು ಬಂತು. ಹಾಗಲಕಾಯಿಯ ಕಹಿಯಲ್ಲ, ಅದಾದರೂ ಮರ್ಯಾದಸ್ಥರ ಕಹಿ. ಇದು ನಾಲಿಗೆಗೆ ಅಂಟಿ, ಗಂಟಲನ್ನು ಸುಟ್ಟಿತು. ಅಂಗಳಕ್ಕೆ ಓಡಿ ಉಗಿದೆ. ಎರಡು ಚೊಂಬು ನೀರಿನಲ್ಲಿ ಬಾಯಿ ತೊಳೆದರೂ ಹೋಗಲಿಲ್ಲ. ಅಕ್ಕ ಬೆನ್ನ ಹಿಂದೆ ಬಂದು ನಿಂತಿದ್ದರು. ಗೆದ್ದ ದನಿಯಲ್ಲಿ ಮಾತಾಡಲಿಲ್ಲ.

"ನಿಮಗಿದು ಒಂದು ತುತ್ತು. ಆ ಮಕ್ಕಳಿಗೆ ತಲಾ ಎರಡೆರಡು ಗಡ್ಡೆ. ಅಡುಗೆಯವರು ಖಾರ ಹುಳಿ ಹಾಕಿದ ಮೇಲೆ ನಾಲಿಗೆಗೆ ಗೊತ್ತಾಗಲ್ಲ. ಹಸಿದಿರ್ತಾರೆ, ತಟ್ಟೆ ಖಾಲಿ ಮಾಡ್ತಾರೆ."

ನಾನು ಹಮಾಲನಿಗೆ ಎಂಟೂ ಚೀಲ ಸುರಿ ಎಂದೆ. ನಾಲ್ಕು ಜನ ಕೂತು ಆರಿಸಿದೆವು. ನನ್ನ ಮೊಣಕಾಲನ್ನು ಅವತ್ತು ಯಾರೂ ವಿಚಾರಿಸಲಿಲ್ಲ. ಆರಿಸಿ ಮುಗಿಯುವ ಹೊತ್ತಿಗೆ ಮೂರು ಚೀಲ ಒಳ್ಳೆಯದು ಸಿಕ್ಕಿತು, ಐದು ಚೀಲದಷ್ಟು ಅಂಗಳದಲ್ಲಿ ರಾಶಿಯಾಯಿತು. ಅಷ್ಟರಲ್ಲಿ ಗಾಡಿ ಬಂತು. ಯಾವತ್ತೂ ಬರದ ವಾರ್ಡನ್ ಮೇಡಂ ಅವತ್ತು ಅದರಲ್ಲಿ ಮುಂದೆ ಕೂತು ಬಂದಿದ್ದರು.

ಅವರ ಕಣ್ಣು ಮೂರು ಚೀಲದ ಮೇಲೆ ಬೀಳಲಿಲ್ಲ. ಮೇಜಿನ ಮೇಲೆ ಬಿತ್ತು.

"ಇದು ನಮ್ಮ ಶಾಲೆದಲ್ವಾ? ತಕ್ಕಡಿ ಪಕ್ಕ ಯಾಕಿದೆ? ಮಾರೋಕಿಟ್ಟಿದೀರಾ?"

ಮೂವತ್ತೊಂದು ವರ್ಷದಲ್ಲಿ ಒಂದು ಗಾಜಿನ ಚೂರನ್ನೂ ಮನೆಗೆ ಒಯ್ಯದ ಅಕ್ಕ, ಮಣ್ಣುಗೈಯಲ್ಲೇ ರಾಶಿಯ ಹತ್ತಿರದಿಂದ ಎದ್ದು ಬಂದರು. ನನ್ನ ಬಾಯಲ್ಲಿ ಮೂರು ಸುಳ್ಳು ತಯಾರಿದ್ದವು, ಮೂರೂ ಒಳ್ಳೆಯವು. ಲಾರಿ ಬರಲಿಲ್ಲ, ಅದಕ್ಕೇ ಸರಕು ಕಮ್ಮಿ ಎಂದರೆ ನಾನು ಪಾರು. ಆದರೆ ಆಗ ಸೂಕ್ಷ್ಮದರ್ಶಕ ಇಲ್ಲಿರಲು ಕಾರಣವೇ ಉಳಿಯುವುದಿಲ್ಲ, ಅಕ್ಕ ಕಳ್ಳಿಯಾಗುತ್ತಾರೆ.

"ಮೇಡಂ," ಎಂದೆ, "ನಿಮ್ಮ ಎಂಟು ಚೀಲದ ಹೊಟ್ಟೆಲಿ ಹಸಿರು ಗಡ್ಡೆ ತುಂಬಿದ್ದೆ, ಗೊತ್ತಿದ್ದೇ ತುಂಬಿದ್ದೆ. ವಿಷ ಅಂತ ಗೊತ್ತಿರ್ಲಿಲ್ಲ, ಹೇಳಿದ್ರೂ ಕೇಳ್ಲಿಲ್ಲ. ಇವರು ಇದನ್ನ ತಂದು ತೋರಿಸಿ ತಡೆದ್ರು."

ಮೇಡಂ ಅಂಗಳದ ರಾಶಿ ನೋಡಿದರು, ನನ್ನನ್ನು ನೋಡಿದರು. "ಚೀಟಿ ಇದೆಯೇನ್ರೀ?" ಎಂದು ಅಕ್ಕನನ್ನು ಕೇಳಿದರು.

"ಇಲ್ಲ ಮೇಡಂ."

ಎಂಟು ದಿನ ವಿಚಾರಣೆ ನಡೆಯಿತು. ನಾನು ಎರಡು ಸಲ ಹೋಗಿ ಸಾಕ್ಷಿ ಹೇಳಿ ಬಂದೆ. ಹೆಡ್‌ಮಿಸ್ ನನಗೆ ಕುರ್ಚಿ ಕೊಟ್ಟರು, ಕಿವಿ ಕೊಡಲಿಲ್ಲ. "ಆಲೂಗಡ್ಡೆ ವಿಷಯ ಬೇರೆ, ಗೇಟಿನ ವಿಷಯ ಬೇರೆ," ಎಂದರು. ಅವರ ಮಾತೂ ಸುಳ್ಳಲ್ಲ, ಅದೇ ತೊಂದರೆ. ಅಕ್ಕನಿಗೆ ಬರವಣಿಗೆಯಲ್ಲಿ ವಿವರಣೆ ಕೇಳಿದರು. ಅಕ್ಕ ಎರಡು ಸಾಲು ಬರೆದು, ಅದರ ಕೆಳಗೆ ಆಲೂಗಡ್ಡೆಯ ಕೋಶದ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ ಕೊಟ್ಟರಂತೆ. ಆಫೀಸಿನವರಿಗೆ ಅದನ್ನು ಯಾವ ಫೈಲಿಗೆ ಹಾಕಬೇಕೋ ತಿಳಿಯಲಿಲ್ಲ.

ನೌಕರಿ ಉಳಿಯಿತು, ಪ್ರಯೋಗಶಾಲೆ ಹೋಯಿತು. ನಿವೃತ್ತಿಗೆ ಇನ್ನೊಂದು ವರ್ಷವಿರುವಾಗ ಅಕ್ಕನನ್ನು ಹಾಸ್ಟೆಲಿನ ಉಗ್ರಾಣಕ್ಕೆ ಹಾಕಿದರು. ವಾರ್ಡನ್ ಮೇಡಂ ತಾವೇ ಕೇಳಿ ಕರೆಸಿಕೊಂಡದ್ದಂತೆ. ಆ ಹೆಂಗಸು ನನಗಿಂತ ಜಾಣ ವ್ಯಾಪಾರಿ. ಈಗ ಎರಡು ವಾರಕ್ಕೊಮ್ಮೆ ಅಕ್ಕ ನನ್ನ ಪ್ರತಿ ಚೀಲಕ್ಕೂ ಕಂಕುಳವರೆಗೆ ಕೈ ಹಾಕಿ ತಳದಿಂದ ಒಂದು ಗಡ್ಡೆ ಎತ್ತಿ ನೋಡುತ್ತಾರೆ. ಗೋದಾಮಿನ ಸೂರಿಗೆ ನಾನು ಕಪ್ಪು ಟಾರ್ಪಾಲು ಹೊದಿಸಿದ್ದೇನೆ. ಗಿರಾಕಿಗಳು ಮತ್ತೆ ಬಾವಿ ಎನ್ನುತ್ತಾರೆ, ಅನ್ನಲಿ.

ಹೋದ ತಿಂಗಳು ಉಗ್ರಾಣದ ಬಾಗಿಲಲ್ಲಿ ಕೇಳಿಯೇಬಿಟ್ಟೆ. "ಇಲ್ಲಿ ಹೇಗಿದೆ ಅಕ್ಕಾ?"

"ನೆರಳಿದೆ, ಕೂತ್ಕೊಳ್ಳೋಕೆ ಸ್ಟೂಲಿದೆ. ಮಕ್ಕಳೂ ಬರ್ತಾರೆ." ಕೈಯ ಮಣ್ಣು ಒರೆಸಿಕೊಂಡರು. ಬೆರಳ ತುದಿಯಲ್ಲಿ ಈಗ ಬಣ್ಣವಿಲ್ಲ. "ಆದ್ರೆ ಯಾರೂ ಪ್ರಶ್ನೆ ಕೇಳಲ್ಲ. ಎಲ್ರಿಗೂ ಹಸಿವು ನೋಡಿ."

"ನನ್ನಿಂದ ಹೀಗಾಯ್ತು."

"ನಿಮ್ಮಿಂದಲೇ. ಮತ್ತಿನ್ಯಾರಿಂದ?" ಎಂದು ಮುಂದಿನ ಚೀಲಕ್ಕೆ ಕೈ ಹಾಕಿದರು.

ಮುನ್ನೂರು ಹುಡುಗಿಯರು ನನ್ನ ಸರಕು ತಿಂದು ಕಾಯಿಲೆ ಬೀಳದೆ ಉಳಿದದ್ದು ಅವರಿಂದ. ಅದಕ್ಕೆ ಅವರು ತಮ್ಮ ಪ್ರಯೋಗಶಾಲೆಯನ್ನು ಕಳೆದುಕೊಂಡರು. ಅದನ್ನು ನಾನು ಅವರಿಗೆ ಹಿಂದಿರುಗಿಸಬೇಕು, ಇನ್ನೂ ಆಗಿಲ್ಲ.